ಬುರಾ ಜನರ ಹಾಡುಗಳು: ಮನರಂಜನೆ ಅಷ್ಟೇನಾ, ಬೇರೆ ಏನಾದರೂ ಇದೆಯಾ?

ನರ್ಸಮ್ಮ_ಕುಂದಾಪುರ

ಎಲ್ಲರಿಗೂ ನಮಸ್ಕಾರ. ನೈಜೀರಿಯಾದಲ್ಲಿ ಇದ್ದು ಬಂದವರು, ಜಾನಪದ ಓದಿದವರು ಇಲ್ಲಿ ಸುಮಾರು ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಇಂಗ್ಲೆಂಡಿನಲ್ಲಿ ನರ್ಸ್. ಜೊತೆಗೆ ಕೆಲಸ ಮಾಡುವ ಅಕ್ಕ ಒಬ್ಬರು ನೈಜೀರಿಯಾದವರು. ಲಾಗೋಸ್ ಕಡೆಯಲ್ಲ, ಈಶಾನ್ಯ ಮೂಲೆಯ ಬೋರ್ನೋ ರಾಜ್ಯ, ಬಿಯು ಹತ್ತಿರದ ಹಳ್ಳಿ. ಬುರಾ ಜನಾಂಗ. ರಾತ್ರಿ ಪಾಳಿಯಲ್ಲಿ ಬಟ್ಟೆ ಮಡಚುವಾಗ ಏನೋ ಗುನುಗುತ್ತಿರುತ್ತಾರೆ. ಏನಕ್ಕಾ ಅದು ಅಂದರೆ, ಅಜ್ಜಿ ಜೋಳ ಕುಟ್ಟುವಾಗ ಹಾಡುತ್ತಿದ್ದದ್ದು, ಗಂಡನ ಮನೆಯವರನ್ನು ಬೈಯುವ ಹಾಡು ಅಂದರು. ಕೊನೆಯ ಸಾಲಿನ ಅರ್ಥ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನಕ್ಕು ಮಾತು ಬದಲಿಸಿದರು.

ಅವರ ಮಕ್ಕಳಿಗೆ ಹೌಸಾ ಬರುತ್ತದೆ, ಇಂಗ್ಲಿಷ್ ಬರುತ್ತದೆ. ಬುರಾ ಅಷ್ಟಕ್ಕಷ್ಟೆ. ಹಾಡುಗಳಂತೂ ಇಲ್ಲವೇ ಇಲ್ಲ. ನಾನು ಹುಡುಕಿದರೆ ಸಿಕ್ಕಿದ್ದೆಲ್ಲ ಕುಣಿತದ ವಿಡಿಯೊ, ಇಲ್ಲದಿದ್ದರೆ ‘ಶ್ರೀಮಂತ ಪರಂಪರೆ’ ಅಂತ ಹೊಗಳುವ ಬರಹ. ನನಗೆ ಬೇಕಾದದ್ದು ಅದಲ್ಲ. ಬುರಾ ಜನರ ದಿನದ ಬದುಕಿನಲ್ಲಿ ಹಾಡು ನಿಜವಾಗಿ ಏನು ಕೆಲಸ ಮಾಡುತ್ತಿತ್ತು? ಈಗ ಏನು ಉಳಿದಿದೆ?

ಮಾರಾಯ_ಮಂಗಳೂರು

ಮೊದಲು ಆ ಕೊನೆ ಸಾಲು ಏನು ಅಂತ ತಿಳಿದುಕೊಳ್ಳಿ ಮಾರಾಯ್ರೆ. ಉಳಿದದ್ದೆಲ್ಲ ಆಮೇಲೆ.

ಮಣ್ಣಿನ_ಮಡಕೆ

ಬುರಾ ಅಂದರೆ ನೈಜರ್ ದೇಶದ್ದಲ್ವಾ? ಮಣ್ಣಿನ ತಲೆಗಳು, ಕುದುರೆ ಸವಾರರು, ಶವಸಂಸ್ಕಾರದ ಉದ್ದ ಮಡಕೆಗಳು. 3ನೇ ಶತಮಾನದಿಂದ 13ನೇ ಶತಮಾನದ ತನಕ ಅಂತ ಓದಿದ್ದೆ. ಆ ಜನರ ಹಾಡು ಈಗ ಎಲ್ಲಿಂದ ಸಿಗಬೇಕು?

ಶಂಖಪುಷ್ಪ

@ಮಣ್ಣಿನ_ಮಡಕೆ ಅದು ಬೇರೆ, ಇದು ಬೇರೆ. ನೀವು ಹೇಳುತ್ತಿರುವುದು ನೈಜರ್‌ನ ಟಿಲ್ಲಾಬೇರಿ ಪ್ರದೇಶದ ಬುರಾ ಎಂಬ ಜಾಗ. 1975ರಲ್ಲಿ ಅಲ್ಲಿನ ಸ್ಮಶಾನ ಬೆಳಕಿಗೆ ಬಂತು, 1983ರಲ್ಲಿ ಉತ್ಖನನ ನಡೆಯಿತು. ನರ್ಸಮ್ಮ ಕೇಳುತ್ತಿರುವ ಬುರಾ ಜನ ಇರುವುದು ಅಲ್ಲಿಂದ ಸಾವಿರ ಕಿಲೋಮೀಟರಿಗೂ ಆಚೆ, ನೈಜೀರಿಯಾದಲ್ಲಿ. ಹೆಸರು ಒಂದೇ, ಅಷ್ಟೆ.

ಇವರ ಭಾಷೆ ಚಾಡಿಕ್ ಗುಂಪಿನದು. ಹೌಸಾ ಕೂಡ ಅದೇ ಗುಂಪು, ಆದರೆ ದೂರದ ನಂಟು. ಹೌಸಾ ಮಾತಾಡುವವರು ಕೋಟಿಗಟ್ಟಲೆ. ಬುರಾ ಮಾತಾಡುವವರು 1987ರ ಅಂದಾಜಿನಲ್ಲಿ ಎರಡೂವರೆ ಲಕ್ಷ. ಆ ಅಕ್ಕನ ಮಕ್ಕಳಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

ಮಣ್ಣಿನ_ಮಡಕೆ

ಓ, ಹಾಗೋ. ಆ ಕಡೆಯ ಮಣ್ಣಿನ ಮೂರ್ತಿಗಳನ್ನು ಕಳ್ಳರು ಅಗೆದು ಸಾಗಿಸಿದ್ದು ಎಷ್ಟು ಅಂದರೆ, 2000ದಲ್ಲಿ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ ಅವುಗಳನ್ನು ಕೆಂಪು ಪಟ್ಟಿಗೆ ಸೇರಿಸಿತು. ಇದು ಬೇರೆ ವಿಷಯ, ಆದರೂ ಹೇಳಿಬಿಟ್ಟೆ.

ಬಿಯು_ಮೇಷ್ಟ್ರು

ನರ್ಸಮ್ಮನವರೇ, ಬಿಯು ಹೆಸರು ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟೆ. 1980ರ ದಶಕದ ಮೊದಲ ವರ್ಷಗಳಲ್ಲಿ ನಾನು ಅಲ್ಲಿನ ಒಂದು ಸೆಕೆಂಡರಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಆಗ ನೈಜೀರಿಯಾದಲ್ಲಿ ಎಣ್ಣೆ ದುಡ್ಡು ಹರಿದಾಡುತ್ತಿತ್ತು. ಭಾರತದಿಂದ ಮೇಷ್ಟ್ರುಗಳನ್ನು ದಂಡಿಯಾಗಿ ಕರೆಸಿಕೊಳ್ಳುತ್ತಿದ್ದರು. ಒಂದು ನೈರಾಕ್ಕೆ ಒಂದು ಡಾಲರಿಗಿಂತ ಜಾಸ್ತಿ ಬೆಲೆ ಇದ್ದ ಕಾಲ. 1986ರಲ್ಲಿ ನೈರಾ ಬಿದ್ದ ಮೇಲೆ ನಮ್ಮಂಥವರು ಒಬ್ಬೊಬ್ಬರಾಗಿ ಗಂಟು ಕಟ್ಟಿದರು.

ಮೊದಲು ಊರಿನ ಬಗ್ಗೆ ಸ್ವಲ್ಪ. ಬಿಯು ಒಂದು ಪ್ರಸ್ಥಭೂಮಿ. ಹಳೆಯ ಜ್ವಾಲಾಮುಖಿಯ ಕಪ್ಪು ಕಲ್ಲು ಎಲ್ಲೆಲ್ಲೂ. ಬೆಳೆ ಮುಖ್ಯವಾಗಿ ಜೋಳ ಮತ್ತು ನೆಲಗಡಲೆ. ಜೋಳ ಅಂದರೆ ನಮ್ಮ ಜೋಳವೇ, ಮೆಕ್ಕೆಜೋಳ ಅಲ್ಲ. ಅಲ್ಲಿ ಬುರಾ ಮತ್ತು ಪಬೀರ್ ಅಂತ ಎರಡು ಪಂಗಡ. ಪಬೀರರನ್ನು ಬಬೂರ್ ಅಂತಲೂ ಕರೆಯುತ್ತಾರೆ. ಇಬ್ಬರ ಮಾತೂ ಒಂದೇ. ಯಮ್ತಾ-ರಾ-ವಾಲಾ ಅನ್ನುವವನು 16ನೇ ಶತಮಾನದಲ್ಲಿ ಉತ್ತರದಿಂದ ಬಂದು ರಾಜ್ಯ ಕಟ್ಟಿದ ಅಂತ ಅವರ ಐತಿಹ್ಯ. ಅವನ ವಂಶದವರ ಪಂಗಡ ಪಬೀರ್, ಮೊದಲಿಂದ ಇದ್ದವರು ಬುರಾ. ಬಿಯು ದೊರೆಗೆ ಕುಥ್ಲಿ ಅಂತ ಹೆಸರು. ಪಬೀರರು ಬಹುಪಾಲು ಮುಸ್ಲಿಮರು. ಬುರಾ ಜನರಲ್ಲಿ ಕ್ರೈಸ್ತರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಒಂದೇ ಮನೆಯಲ್ಲಿ ಎರಡೂ ಇರುವುದನ್ನು ನೋಡಿದ್ದೇನೆ.

ಈಗ ಹಾಡು. ದೊರೆಯ ಮುಂದೆ ಹಾಡುವವರು ಬೇರೆ, ಅವರಿಗೆ ಅದೇ ಕಸುಬು. ದೊರೆಯ ವಂಶ, ಗೆದ್ದ ಯುದ್ಧ, ಕೊಟ್ಟ ದಾನ. ಅದನ್ನು ಎಲ್ಲರೂ ಕೇಳುತ್ತಾರೆ, ಎಲ್ಲರೂ ಬರೆದಿಟ್ಟುಕೊಳ್ಳುತ್ತಾರೆ. ನೀವು ಕೇಳುತ್ತಿರುವುದು ಹಿತ್ತಲಿನ ಹಾಡು. ಅದನ್ನು ಹೇಳುತ್ತೇನೆ.

ನನ್ನ ಕ್ವಾರ್ಟರ್ಸಿನ ಹಿಂದೆಯೇ ಒಂದು ದೊಡ್ಡ ಮನೆ. ಸಂಜೆ ನಾಲ್ಕರ ಹೊತ್ತಿಗೆ ಮರದ ಒರಳು ಹೊರಗೆ ಬರುತ್ತಿತ್ತು. ಸೊಂಟದೆತ್ತರದ ಒರಳು. ಇಬ್ಬರು ಹೆಂಗಸರು ಎದುರುಬದುರು ನಿಂತು ಒಂದಾದ ಮೇಲೆ ಒಂದು ಒನಕೆ ಹಾಕುತ್ತಿದ್ದರು. ಕೆಲಸ ಜೋರಾದರೆ ಮೂರನೆಯವಳೂ ಸೇರುತ್ತಿದ್ದಳು. ಮೂರು ಒನಕೆ, ಒಂದೇ ಒರಳು, ಒಂದಕ್ಕೊಂದು ತಗಲಬಾರದು. ಲಯ ತಪ್ಪಿದರೆ ಬೆರಳು ಹೋಯಿತು. ನಡುವೆ ಒಬ್ಬಳು ಒನಕೆಯನ್ನು ಮೇಲಕ್ಕೆ ಬಿಟ್ಟು, ಅದು ಕೆಳಗೆ ಬರುವಷ್ಟರಲ್ಲಿ ಒಂದು ಚಪ್ಪಾಳೆ ತಟ್ಟಿ ಮತ್ತೆ ಹಿಡಿಯುತ್ತಿದ್ದಳು. ಅಲ್ಲಿಂದ ಹಾಡು ಶುರು. ಒಬ್ಬಳು ಎತ್ತುತ್ತಾಳೆ, ಉಳಿದವರು ಸೊಲ್ಲು ಕೊಡುತ್ತಾರೆ.

ನನಗೆ ಬುರಾ ಸಾಕಷ್ಟು ಬರುತ್ತಿರಲಿಲ್ಲ. ಶಾಲೆಯ ಹುಡುಗರನ್ನು ಕೇಳಿದರೆ ಅವರಿಗೆ ನಾಚಿಕೆ. ಕೊನೆಗೆ ಶಾಲೆಯ ಅಡುಗೆಯವರು ವಿವರಿಸಿದರು. ಆ ಮನೆಯ ಕಿರಿ ಹೆಂಡತಿ ಹಾಡುತ್ತಿದ್ದದ್ದು ಒಂದು ಕೋಳಿಯ ಬಗ್ಗೆ. ಕಾಳು ಹಾಕಿದವರ ಕೈಯನ್ನೇ ಕುಕ್ಕುವ ಮುದಿ ಕೋಳಿ. ಕೋಳಿ ಅಂದರೆ ಹಿರಿ ಹೆಂಡತಿ ಅಂತ ಇಡೀ ಕೇರಿಗೆ ಗೊತ್ತು. ಆ ‘ಕೋಳಿ’ ಹತ್ತು ಅಡಿ ದೂರದಲ್ಲಿ ಕೂತು ನೆಲಗಡಲೆ ಸುಲಿಯುತ್ತಿತ್ತು. ಎದ್ದು ಜಗಳಕ್ಕೆ ಬಂದರೆ ‘ನಾನೇ ಕೋಳಿ’ ಅಂತ ಒಪ್ಪಿಕೊಂಡ ಹಾಗೆ. ಸುಮ್ಮನೆ ಕೂತರೆ ಹಾಡು ಮುಂದುವರಿಯುತ್ತದೆ. ಮಾರನೇ ದಿನ ಆಕೆಯ ಸರದಿ. ಆಕೆಯೂ ಒರಳಿಗೆ ಬಂದಳು, ಗೂಡು ಕಟ್ಟಲು ಬಾರದ ಹಕ್ಕಿಯ ಬಗ್ಗೆ ಹಾಡಿದಳು.

ಮನರಂಜನೆ ಅಷ್ಟೇನಾ ಅಂತ ಕೇಳಿದಿರಿ. ಎದುರು ನಿಂತು ಮಾತಾಡುವ ಹಕ್ಕು ಇಲ್ಲದವರು ಮಾತಾಡುತ್ತಿದ್ದ ಜಾಗ ಅದು ಅಂತ ನನ್ನ ಅನಿಸಿಕೆ. ಹೊಸ ಸೊಸೆ, ಎರಡನೇ ಹೆಂಡತಿ, ಕೂಲಿಗೆ ಬಂದ ಹುಡುಗ. ಹಾಡಿನಲ್ಲಿ ಹೇಳಿದ್ದಕ್ಕೆ ಶಿಕ್ಷೆ ಇಲ್ಲ. ಅದೇ ಮಾತನ್ನು ಬರೀ ಬಾಯಲ್ಲಿ ಹೇಳಿದ್ದರೆ ತವರಿಗೆ ಕಳಿಸುತ್ತಿದ್ದರು.

ಮಾರಾಯ_ಮಂಗಳೂರು

ಮುದಿ ಕೋಳಿ! ಮೇಷ್ಟ್ರೇ, ನೀವು ಗಣಿತ ಬಿಟ್ಟು ಹಿತ್ತಲಲ್ಲೇ ಕೂತಿರುತ್ತಿದ್ದಿರಾ ಹೇಗೆ?

ಬಿಯು_ಮೇಷ್ಟ್ರು

ಕರೆಂಟ್ ಇರುತ್ತಿರಲಿಲ್ಲ, ಟಿವಿ ಇರಲಿಲ್ಲ. ಸಂಜೆ ಮತ್ತೇನು ಮಾಡುವುದು?

ಕಾನೋ_ಕಿಟ್ಟಿ

ನಾನು ಉತ್ತರ ನೈಜೀರಿಯಾದ ಕಾನೋದಲ್ಲಿ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿದ್ದೇನೆ. ಬಿಯು ಕಡೆ ಹೋಗಿಲ್ಲ, ಹೋಗಲು ಕಂಪನಿ ಬಿಡುವುದೂ ಇಲ್ಲ. ಆದರೆ ಮೇಷ್ಟ್ರು ಹೇಳಿದ ಪದ್ಧತಿ ಹೌಸಾದಲ್ಲೂ ಇದೆ. ಅದಕ್ಕೆ ‘ಹಬಾಯ್ಚಿ’ ಅನ್ನುತ್ತಾರೆ. ಹೆಸರು ಹೇಳದೆ ಚುಚ್ಚುವುದು. ಸವತಿಯರ ನಡುವೆ ಹೆಚ್ಚು. ಹಾಡಿನಲ್ಲಿ ಇರುತ್ತದೆ, ತೊಡುವ ಬಟ್ಟೆಯ ಹೆಸರಿನಲ್ಲೂ ಇರುತ್ತದೆ.

ಬರ್ಮಾನಿ ಚೋಗೆ ಅಂತ ಒಬ್ಬ ಗಾಯಕಿ ಇದ್ದರು, 2013ರಲ್ಲಿ ತೀರಿಕೊಂಡರು. ಸೋರೆ ಬುರುಡೆಯನ್ನು ನೀರಿನ ಮೇಲೆ ಬೋರಲು ಹಾಕಿ ಬಾರಿಸುತ್ತಾ ಹಾಡುವ ‘ಅಮಾಡಾ’ ಅವರದು. ಸವತಿ ಜಗಳ, ಹೆಂಗಸರು ಸ್ವಂತ ಕಸುಬು ಮಾಡಿ ದುಡಿಯಬೇಕು ಅನ್ನುವುದು, ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹಾಡಿದರು. ಅಂದರೆ ಒರಳಿನ ಹಾಡು ರೇಡಿಯೊ ತನಕವೂ ಹೋಯಿತು. ಹೌಸಾದಲ್ಲಿ ಹೋಯಿತು. ಬುರಾದಲ್ಲಿ ಹಾಗೆ ಹೋದದ್ದು ನನಗೆ ಗೊತ್ತಿಲ್ಲ.

ಗಾನಲೋಲ

ವಾದ್ಯಗಳ ಬಗ್ಗೆ ಯಾರೂ ಹೇಳಲಿಲ್ಲ. ಬುರಾ ಜನರಲ್ಲಿ ‘ತ್ಸಿಂಜಾ’ ಅಂತ ಒಂದು ವಾದ್ಯ ಇದೆ. ನಮ್ಮ ಕಾಷ್ಠತರಂಗದ ಜಾತಿ. ಮರದ ಪಟ್ಟಿಗಳು, ಪ್ರತಿ ಪಟ್ಟಿಯ ಕೆಳಗೆ ನಾದ ತುಂಬಲು ದನದ ಕೊಂಬು. ಆಫ್ರಿಕಾದ ಬೇರೆ ಕಡೆ ಸಾಮಾನ್ಯವಾಗಿ ಸೋರೆ ಬುರುಡೆ ಕಟ್ಟುತ್ತಾರೆ. ಇಲ್ಲಿ ಕೊಂಬು. ನಾದಕ್ಕೆ ಸ್ವಲ್ಪ ಗುಂಯ್ ಅನ್ನುವ ಗುಣವೂ ಇದೆ. ಮೇಷ್ಟ್ರು ಕೇಳಿದ್ದೀರಾ?

ಬಿಯು_ಮೇಷ್ಟ್ರು

ಕೇಳಿದ್ದೇನೆ. ಮದುವೆಯಲ್ಲಿ, ಇನ್ನೂ ಜಾಸ್ತಿ ಸಾವಿನಲ್ಲಿ. ತುಂಬು ಬಾಳು ಬಾಳಿ ಮೊಮ್ಮಕ್ಕಳನ್ನು ಕಂಡವರು ಸತ್ತರೆ ಅಲ್ಲಿ ಬರೀ ಅಳು ಇರುವುದಿಲ್ಲ. ವಾದ್ಯ ಬರುತ್ತದೆ, ಸಾಲುಗಟ್ಟಿ ಕುಣಿಯುತ್ತಾರೆ, ಸತ್ತವರ ಗುಣ ಹಾಡುತ್ತಾರೆ. ಗುಣದ ಜೊತೆಗೆ ಚಟವನ್ನೂ ಹಾಡುತ್ತಾರೆ! ಜಿಪುಣನಾಗಿದ್ದರೆ ಜಿಪುಣ ಅಂತಲೇ. ಮನೆಯವರು ಅಳುತ್ತಾ ನಗುತ್ತಾರೆ. ನಮ್ಮ ಹೆಡ್‌ಮಾಸ್ಟರರ ತಂದೆ ಹೋದಾಗ, ಅವರು ಸಾಲ ಕೊಟ್ಟು ಮೂರು ಸಲ ವಸೂಲಿ ಮಾಡಿದ ಕಥೆಯನ್ನು ಹಾಡಿದ್ದರು. ಹೆಡ್‌ಮಾಸ್ಟರರೇ ಸೊಲ್ಲು ಕೊಡುತ್ತಿದ್ದರು. ಚಿಕ್ಕ ವಯಸ್ಸಿನವರು ಹೋದರೆ ಇದ್ಯಾವುದೂ ಇಲ್ಲ, ಊರೆಲ್ಲ ಮೌನ.

ನಾಡಹಾಡು_ಪ್ರೇಮಿ

ಎಲ್ಲ ಸರಿ. ಇದನ್ನೆಲ್ಲ ಹಾಳು ಮಾಡಿದ್ದು ಮಿಷನರಿಗಳು ಅಂತ ನೇರವಾಗಿ ಯಾಕೆ ಹೇಳುತ್ತಿಲ್ಲ? ಎಲ್ಲ ಕಡೆ ಇದೇ ಕಥೆ. ಬಂದರು, ಕುಣಿತ ಪಾಪ ಅಂದರು, ಹಾರ್ಮೋನಿಯಂ ಕೊಟ್ಟರು, ಮುಗಿಯಿತು.

ಶಂಖಪುಷ್ಪ

@ನಾಡಹಾಡು_ಪ್ರೇಮಿ ಅಷ್ಟು ಸಲೀಸಾಗಿ ಹೇಳಿಬಿಡಬೇಡಿ. ಅಮೆರಿಕದ ಬ್ರೆದರನ್ ಚರ್ಚಿನ ಸ್ಟೋವರ್ ಕಲ್ಪ್ ಮತ್ತು ಆಲ್ಬರ್ಟ್ ಹೆಲ್ಸರ್ ಇಬ್ಬರೂ 1923ರ ಮಾರ್ಚ್‌ನಲ್ಲಿ ಗಾರ್ಕಿಡಾ ಅನ್ನುವ ಬುರಾ ಊರಿನಲ್ಲಿ ಕೆಲಸ ಶುರು ಮಾಡಿದರು. ಅದು ಈಗ ಅಡಮಾವಾ ರಾಜ್ಯಕ್ಕೆ ಸೇರಿದೆ. ಕುಡಿತಕ್ಕೆ, ಹಳೆಯ ಪೂಜೆಗೆ ಅವರು ವಿರೋಧ ಇದ್ದದ್ದು ನಿಜ. ಆದರೆ ಬುರಾ ಭಾಷೆಗೆ ಬರಹ ಕೊಟ್ಟವರಲ್ಲೂ ಅವರೇ ಮೊದಲಿಗರು. ಹೆಲ್ಸರ್ ಬುರಾ ಕಥೆಗಳನ್ನು ಸಂಗ್ರಹಿಸಿ 1930ರಲ್ಲಿ ಅಚ್ಚು ಹಾಕಿಸಿದರು. 1934ರ ಇನ್ನೊಂದು ಪುಸ್ತಕದಲ್ಲಿ ಬುರಾ ಜಾನಪದವನ್ನೇ ಹಿಡಿದುಕೊಂಡು ಶಾಲೆಯ ಪಾಠ ಕಟ್ಟುವುದು ಹೇಗೆ ಅಂತ ಬರೆದರು. ಆ ಪುಸ್ತಕದ ಹೆಸರಿನಲ್ಲಿ ‘ಅನಾಗರಿಕರು’ ಅನ್ನುವ ಧಾಟಿ ಇದೆ, ಓದಿದರೆ ಮೈ ಉರಿಯುತ್ತದೆ. ಒಳಗಿನ ಸಂಗ್ರಹ ಮಾತ್ರ ಈಗ ಬುರಾ ಹುಡುಗರಿಗೇ ಬೇಕಾದದ್ದು.

ನನ್ನ ತಕರಾರು ಬೇರೆ. ಅವರು ಕಥೆ ಬರೆದುಕೊಂಡರು, ರಾಗ ಬರೆದುಕೊಳ್ಳಲಿಲ್ಲ. ಆ ಕಡೆಯ ಕಥೆಗಳ ಮಧ್ಯೆ ಹಾಡು ಬರುತ್ತದೆ. ಕೇಳುವವರು ಸೊಲ್ಲು ಹಾಡಿದರೆ ಮಾತ್ರ ಕಥೆ ಮುಂದೆ ಹೋಗುವುದು. ಇಂಗ್ಲಿಷಿನಲ್ಲಿ ಅಚ್ಚಾದಾಗ ಆ ಜಾಗದಲ್ಲಿ ಎರಡು ಸಾಲು ಗದ್ಯ ಉಳಿಯುತ್ತದೆ, ಅಷ್ಟೆ.

ನಾಡಹಾಡು_ಪ್ರೇಮಿ

ಸಂಗ್ರಹ ಮಾಡಿದರು ಅಂದ ಮಾತ್ರಕ್ಕೆ ಕೊಂದಿಲ್ಲ ಅಂತ ಆಗುವುದಿಲ್ಲ ಮೇಡಂ. ಚಿಟ್ಟೆ ಸಂಗ್ರಹಿಸುವವರೂ ಸೂಜಿ ಚುಚ್ಚಿಯೇ ಇಡುತ್ತಾರೆ.

ಗಾನಲೋಲ

ಮಿಷನ್ ಹಾಡುಗಳಲ್ಲಿ ಇನ್ನೊಂದು ತೊಡಕು ಇದೆ. ಬುರಾದಲ್ಲಿ ಸ್ವರದ ಏರಿಳಿತಕ್ಕೆ ಅರ್ಥ ಇದೆ. ಅದೇ ಅಕ್ಷರವನ್ನು ಮೇಲಿನ ಸ್ವರದಲ್ಲಿ ಹೇಳಿದರೆ ಒಂದು, ಕೆಳಗಿನ ಸ್ವರದಲ್ಲಿ ಹೇಳಿದರೆ ಇನ್ನೊಂದು. ಇಂಥ ಭಾಷೆಯ ಮಾತುಗಳನ್ನು ಯುರೋಪಿನ ಸಿದ್ಧ ರಾಗಕ್ಕೆ ಕೂರಿಸಿದರೆ ಮಾತು ಒಂದು ಕಡೆ ಎಳೆಯುತ್ತದೆ, ರಾಗ ಇನ್ನೊಂದು ಕಡೆ. ಯೊರುಬಾ ಚರ್ಚುಗಳಲ್ಲಿ ಈ ಗೋಳು ಬಹಳ ಹಳೆಯದು. ಅಲ್ಲಿನ ಸಂಗೀತಗಾರರು ತಮ್ಮದೇ ರಾಗಗಳಿಗೆ ತಿರುಗಿದ್ದಕ್ಕೆ ಅದೂ ಒಂದು ಕಾರಣ. ಹಳೆಯ ಹಾಡಿನಲ್ಲಿ ರಾಗ ಮಾತಿನ ಹಿಂದೆಯೇ ನಡೆಯುತ್ತದೆ, ಹಾಗಾಗಿ ದೂರದಿಂದ ಕೇಳಿದರೂ ಅರ್ಥ ಆಗುತ್ತದೆ. ಮೇಷ್ಟ್ರ ಕಥೆಯಲ್ಲಿ ಹತ್ತು ಅಡಿ ದೂರದ ಸವತಿಗೆ ಮಾತು ಮುಟ್ಟಿದ್ದು ಹಾಗೆ.

ತುಂಬೆಗಿಡ

ಹತ್ತು ಅಡಿಯಲ್ಲಿ ನಮ್ಮತ್ತೆಗೆ ನಾನು ಮನಸ್ಸಿನಲ್ಲಿ ಅಂದುಕೊಂಡದ್ದೂ ಕೇಳಿಸುತ್ತದೆ.

ನರ್ಸಮ್ಮ_ಕುಂದಾಪುರ

ಇದನ್ನೆಲ್ಲ ಅಕ್ಕನಿಗೆ ಓದಿ ಹೇಳಿದೆ. ಮುದಿ ಕೋಳಿ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಿಷನ್ ವಿಷಯದಲ್ಲಿ ಮಾತ್ರ ಅವರದ್ದೇ ವಾದ ಇದೆ, ಅವರ ಪರವಾಗಿ ಬರೆಯುತ್ತೇನೆ.

ಅವರ ಚರ್ಚಿನ ಹೆಸರು ಎಕ್ಲೆಸಿಯಾರ್ ಯನ್‌ಉವಾ ಎ ನೈಜೀರಿಯಾ. ಆ ಗಾರ್ಕಿಡಾ ಮಿಷನ್ನಿನಿಂದಲೇ ಬೆಳೆದದ್ದು. ಹೆಸರೇ ಹೌಸಾದಲ್ಲಿದೆ ನೋಡಿ, ಪೂಜೆಯೂ ಬಹಳ ಕಡೆ ಹೌಸಾದಲ್ಲೇ ಅಂತಾರೆ. ಬುರಾ, ಮರ್ಗಿ, ಕಿಲ್ಬಾ ಅಂತ ಹತ್ತಾರು ಭಾಷೆಯವರು ಒಂದೇ ಬೆಂಚಿನಲ್ಲಿ ಕೂರುವಾಗ ಬೇರೆ ದಾರಿ ಇಲ್ಲವಂತೆ. ಆದರೆ ಹೆಂಗಸರ ಗಾಯನ ತಂಡ ಇದೆಯಲ್ಲ, ಅಲ್ಲಿ ಹಳೆಯದು ಉಳಿದಿದೆ ಅನ್ನುತ್ತಾರೆ. ಅದಕ್ಕೆ ಹಾರ್ಮೋನಿಯಂ ಇಲ್ಲ. ದೊಡ್ಡ ಮಣ್ಣಿನ ಮಡಕೆಯ ಬಾಯಿಗೆ ರಬ್ಬರ್ ಚಪ್ಪಲಿಯಿಂದ ಬಡಿಯುತ್ತಾರೆ, ಬುಂ ಬುಂ ಅಂತ ತಗ್ಗಿನ ನಾದ. ಜೊತೆಗೆ ಮಣಿ ಕಟ್ಟಿದ ಸೋರೆ ಬುರುಡೆ. ಒಬ್ಬಳು ಎತ್ತುವುದು, ಉಳಿದವರು ಸೊಲ್ಲು ಕೊಡುವುದು, ಸಾಲಾಗಿ ಬಗ್ಗಿ ಹೆಜ್ಜೆ ಹಾಕುವುದು, ಎಲ್ಲ ಅಜ್ಜಿಯ ಕಾಲದ್ದೇ. ಮಾತು ಮಾತ್ರ ಬೈಬಲಿನದು. ‘ನಮ್ಮಜ್ಜಿ ಒನಕೆ ಬಿಟ್ಟಳು, ಚಪ್ಪಲಿ ಹಿಡಿದಳು’ ಅಂದರು.

ಆದರೆ ಗಂಡನ ಮನೆಯವರನ್ನು ಬೈಯುವ ಹಾಡು ಚರ್ಚಿಗೆ ಬರಲಿಲ್ಲ. ಅದನ್ನೂ ಅವರೇ ಹೇಳಿದರು.

ಬಿಯು_ಮೇಷ್ಟ್ರು

ಅವರು ಹೇಳಿದ್ದು ಸರಿ. ಮಸೀದಿಯ ಕಡೆಯೂ ಅಷ್ಟೆ, ಮದುವೆ ಹಾಡು ಉಳಿಯಿತು, ಕುಡಿತದ ಸುತ್ತ ಇದ್ದದ್ದು ಹೋಯಿತು. ಹೊಲದ ಹಾಡು ಇದಕ್ಕೇ ಸೇರಿದ್ದು. ಒಬ್ಬನ ಹೊಲಕ್ಕೆ ಊರವರೆಲ್ಲ ಸೇರಿ ಗುದ್ದಲಿ ಹಾಕುವ ಪದ್ಧತಿ ಇತ್ತು, ಹೌಸಾದಲ್ಲಿ ಗಯ್ಯಾ ಅನ್ನುತ್ತಾರೆ. ಕೂಲಿ ಇಲ್ಲ. ಹೊಲದವನು ಊಟ ಹಾಕಬೇಕು, ಜೋಳದ ಬಿಯರು ಕೊಡಬೇಕು. ಸಾಲಾಗಿ ನಿಂತ ಗಂಡಸರ ಹಿಂದೆ ಡೋಲು. ಡೋಲಿನವನು ಹಿಂದೆ ಬಿದ್ದವನ ಹೆಸರು ಹಿಡಿದು ಹಾಡುತ್ತಾನೆ. ಇಲ್ಲಿ ಹೆಸರು ಹೇಳಬಹುದು, ಒರಳಿನ ಹಾಡಿನಂತಲ್ಲ! ನಿನ್ನ ಗುದ್ದಲಿ ನಿದ್ದೆ ಮಾಡುತ್ತಿದೆಯಾ, ನಿನ್ನ ಹುಡುಗಿ ನೋಡುತ್ತಿದ್ದಾಳೆ ಅಂತೆಲ್ಲ. ಮರ್ಯಾದೆಗೆ ಅಂಜಿ ಎಲ್ಲರೂ ಅಗೆಯುತ್ತಾರೆ. ಮೇಸ್ತ್ರಿಯ ಕೆಲಸವನ್ನೆಲ್ಲ ಹಾಡೇ ಮಾಡುತ್ತಿತ್ತು.

ಬಿಯರು ಬಿಟ್ಟ ಮನೆಗಳು ಗಯ್ಯಾ ಕರೆಯುವುದನ್ನೂ ಕಡಿಮೆ ಮಾಡಿದವು. ಕೂಲಿ ಬಂತು. ಕೂಲಿಯವನಿಗೆ ಯಾರು ಡೋಲು ಬಾರಿಸುತ್ತಾರೆ?

ಆದರೂ ನನ್ನನ್ನು ಕೇಳಿದರೆ ಒರಳಿನ ಹಾಡನ್ನು ನಿಲ್ಲಿಸಿದ್ದು ಪಾದ್ರಿಯೂ ಅಲ್ಲ, ಮೌಲ್ವಿಯೂ ಅಲ್ಲ. ಡೀಸೆಲ್ ಗಿರಣಿ. ನಾನು ಇರುವಾಗಲೇ ಮಾರುಕಟ್ಟೆ ಹತ್ತಿರ ಒಂದು ಬಂತು. ಹೆಂಗಸರು ಖುಷಿಯಿಂದ ಹೋದರು. ಯಾಕೆ ಹೋಗಬಾರದು? ಒನಕೆ ಎತ್ತಿ ಎತ್ತಿ ಅವರ ಭುಜ ಏನಾಗುತ್ತಿತ್ತು ಅಂತ ನೋಡಿದ್ದೇನೆ. ಗಿರಣಿಯ ಟಕಟಕ ಸದ್ದಿನಲ್ಲಿ ಪಕ್ಕದವಳ ಮಾತೇ ಕೇಳುವುದಿಲ್ಲ, ಹಾಡು ಎಲ್ಲಿಂದ ಬರಬೇಕು? ಹಿಟ್ಟು ಬಂತು, ಹಾಡು ಹೋಯಿತು.

ತುಂಬೆಗಿಡ

ಬೀಸುವ ಪದ! ನಮ್ಮ ಉತ್ತರ ಕರ್ನಾಟಕದಲ್ಲಿ ಬೀಸುವ ಕಲ್ಲಿಗೆ ಆದದ್ದೂ ಇದೇ. ಅವ್ವ ಹೇಳುತ್ತಿದ್ದಳು, ಗಿರಣಿ ಬಂದ ಮೇಲೆ ನಸುಕಿನಲ್ಲಿ ಏಳುವುದು ತಪ್ಪಿತು, ಅಳುವುದಕ್ಕೆ ಇದ್ದ ಹೊತ್ತೂ ತಪ್ಪಿತು ಅಂತ.

ಶಂಖಪುಷ್ಪ

ಹೋಲಿಕೆ ಒಂದು ಮಟ್ಟದ ತನಕ ಸರಿ ತುಂಬೆಗಿಡ ಅಕ್ಕಾ. ಆದರೆ ಬೀಸುವ ಪದ ನಸುಕಿನ ಹಾಡು, ಒಬ್ಬಳೋ ಇಬ್ಬರೋ ಕೂತು ಹಾಡುವುದು. ತವರಿನ ನೆನಪು, ಕಲ್ಲನ್ನೇ ತಾಯಿ ಅನ್ನುವುದು, ದೇವರನ್ನು ನೆನೆಯುವುದು ಅದರಲ್ಲಿ ಜಾಸ್ತಿ. ಮೇಷ್ಟ್ರು ಹೇಳುವ ಒರಳಿನ ಹಾಡು ಸಂಜೆಯದು, ಬಯಲಿನದು, ಕೇಳುವವರು ಇರಲೇಬೇಕು. ಕೋಳಿಗೆ ಕೇಳಿಸದಿದ್ದರೆ ಆ ಹಾಡಿಗೆ ಕೆಲಸವೇ ಇಲ್ಲ.

ಕಾನೋ_ಕಿಟ್ಟಿ

ಈಗಿನ ಸ್ಥಿತಿ ಹೇಳುತ್ತೇನೆ ಕೇಳಿ. ಇಲ್ಲಿ ಮೊಬೈಲ್ ಬಂದದ್ದು 2001ರಲ್ಲಿ. ಸ್ವಲ್ಪ ವರ್ಷಕ್ಕೆ ಪ್ರತಿ ಪೇಟೆಯಲ್ಲೂ ‘ಡೌನ್‌ಲೋಡಿಂಗ್’ ಅಂಗಡಿಗಳು ಹುಟ್ಟಿಕೊಂಡವು. ಒಂದು ಹಳೆಯ ಕಂಪ್ಯೂಟರ್, ಒಂದು ಕೊಡೆ, ಒಬ್ಬ ಹುಡುಗ. ಮೆಮೊರಿ ಕಾರ್ಡ್ ಕೊಟ್ಟರೆ ದುಡ್ಡು ತಗೊಂಡು ಹಾಡು ತುಂಬಿಸಿ ಕೊಡುತ್ತಾನೆ. ಅವನ ಹತ್ತಿರ ಹೌಸಾ ಇದೆ, ಲಾಗೋಸಿನ ಪಾಪ್ ಇದೆ, ಹಿಂದಿ ಸಿನಿಮಾ ಇದೆ. ಸಣ್ಣ ಭಾಷೆಗಳದ್ದು ಕೇಳಿದರೆ ಮುಖ ನೋಡುತ್ತಾನೆ.

ಹಿಂದಿ ಅಂದೆನಲ್ಲ, ಇನ್ನೊಂದು ಕೇಳಿ. ಕಾನೋದಲ್ಲಿ ‘ಬಂದಿರಿ’ ಗುಂಪುಗಳಿವೆ. ದಫ್ ಬಾರಿಸುತ್ತಾ ಪ್ರವಾದಿಯ ಸ್ತುತಿ ಹಾಡುತ್ತಾರೆ. ರಾಗ ಯಾವುದು ಗೊತ್ತಾ? ಹಿಂದಿ ಸಿನಿಮಾ ಹಾಡಿನದು! ಮೊದಲ ಸಲ ಕೇಳಿದಾಗ ನಾನು ರಸ್ತೆಯಲ್ಲೇ ನಿಂತುಬಿಟ್ಟೆ. ಅಮ್ಮ ಅಡುಗೆಮನೆಯಲ್ಲಿ ಹಾಡಿಕೊಳ್ಳುತ್ತಿದ್ದ ಹಾಡು, ಹೌಸಾ ಮಾತಿನಲ್ಲಿ, ಭಕ್ತಿಯಲ್ಲಿ.

ಮಾರಾಯ_ಮಂಗಳೂರು

ಅಂದರೆ ಬುರಾ ಹಾಡನ್ನು ನುಂಗಿದ್ದು ಹೌಸಾ, ಹೌಸಾಕ್ಕೆ ರಾಗ ಕೊಟ್ಟದ್ದು ಬಾಂಬೆ. ಕೊನೆಗೆ ನಾವೇ ಅಪರಾಧಿಗಳು ಅನ್ನಿ!

ಕಾನೋ_ಕಿಟ್ಟಿ

ಸಿನಿಮಾ ಮಾಡಿದವರು ಬಾಂಬೆಯವರು, ನಾವು ಕನ್ನಡದವರಿಗೆ ಇದರಲ್ಲಿ ಪಾಲಿಲ್ಲ ಸ್ವಾಮಿ. ತಮಾಷೆ ಬಿಡಿ. ಹೌಸಾ ಹಾಡಿನವರನ್ನು ಬೈದು ಪ್ರಯೋಜನ ಇಲ್ಲ. ದಾನ್ ಮರಾಯಾ ಜೋಸ್ ಅಂತ ಇದ್ದರು, 2015ರಲ್ಲಿ ತೀರಿಕೊಂಡರು. ಒಂದೇ ತಂತಿಯ ಕುಂಟಿಗಿ ಹಿಡಿದು, ಲಾರಿ ಕ್ಲೀನರ್ ಹುಡುಗರ ಬಗ್ಗೆ ಹಾಡಿದ ಮನುಷ್ಯ. ಕುಂಟಿಗಿ ಅಂದರೆ ಸಾರ್ಡೀನ್ ಮೀನಿನ ಡಬ್ಬಿಗೆ ಚರ್ಮ ಬಿಗಿದು ಮಾಡುವ ವಾದ್ಯ. ದೊರೆಗಳನ್ನು ಹೊಗಳಿ ದುಡ್ಡು ಮಾಡಬಹುದಿತ್ತು, ಬಡವರನ್ನು ಹಾಡಿದರು. ಬುರಾ ಹುಡುಗ ಅದನ್ನು ಕೇಳಿದರೆ ತಪ್ಪೇನು?

ನಾಡಹಾಡು_ಪ್ರೇಮಿ

ಕೇಳಲಿ, ಯಾರು ಬೇಡ ಅಂದರು? ತನ್ನದೂ ಇರಬೇಕಲ್ವಾ ಜೊತೆಗೆ?

ನಿರ್ವಾಹಕ

ಹಿಂದಿ ಹಾಡಿನ ಜಗಳ ಇಲ್ಲಿಗೆ ನಿಲ್ಲಿಸಿ. ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಬುರಾ ಹಾಡಿಗೆ ಬನ್ನಿ.

ಮೂಲೆಮನೆ_ಗಿರೀಶ

ಮೇಷ್ಟ್ರೇ, ಆ ಕಡೆ ಬೆಂಕಿ ಬೆಟ್ಟದ ಬಾಯಲ್ಲಿ ಒಂದು ಕೆರೆ ಇದೆಯಂತಲ್ಲ, ಮೊಸಳೆ ತುಂಬಿರೋದು? ಅದರ ಬಗ್ಗೆ ಹಾಡು ಇಲ್ವಾ?

ಬಿಯು_ಮೇಷ್ಟ್ರು

ಟಿಲ್ಲಾ ಕೆರೆ. ಒಮ್ಮೆ ಶಾಲೆಯ ಮಕ್ಕಳ ಜೊತೆ ಹೋಗಿದ್ದೆ. ಅಲ್ಲಿನ ಮೊಸಳೆಗೆ ಯಾರೂ ಕೈ ಮಾಡುವ ಹಾಗಿಲ್ಲ ಅಂತ ಊರವರು ಹೇಳುತ್ತಿದ್ದರು. ಹುಡುಗಿಯರು ದಂಡೆಯಲ್ಲಿ ಚಪ್ಪಾಳೆ ಹಾಡು ಹಾಡಿದ್ದು ನೆನಪಿದೆ, ಮೊಸಳೆಯ ಬಗ್ಗೆಯೋ ಅಲ್ಲವೋ ಅಂತ ಕೇಳಲಿಲ್ಲ. ಬೆಳದಿಂಗಳಲ್ಲೂ ಹಾಡುತ್ತಿದ್ದರು. ದುಂಡಗೆ ನಿಂತು ಒಬ್ಬೊಬ್ಬಳೇ ನಡುವೆ ಹೋಗಿ ಹಿಂದಕ್ಕೆ ಬೀಳುವುದು, ಉಳಿದವರು ಹಿಡಿಯುವುದು. ಯಾರು ಯಾರನ್ನು ಹಿಡಿಯುತ್ತಾರೆ, ಯಾರನ್ನು ಬೀ‌ಳಲು ಬಿಡುತ್ತಾರೆ ಅನ್ನುವುದರಲ್ಲೇ ಶಾಲೆಯ ರಾಜಕೀಯ ಎಲ್ಲ ಗೊತ್ತಾಗುತ್ತಿತ್ತು.

ನರ್ಸಮ್ಮ_ಕುಂದಾಪುರ

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ನನಗೂ ಹೇಗೆ ಕೇಳುವುದು ಅಂತ ಗೊತ್ತಿರಲಿಲ್ಲ. ನಿನ್ನೆ ಅಕ್ಕ ತಾವಾಗಿಯೇ ಹೇಳಿದರು.

2009ರಿಂದ ಬೋರ್ನೋ ಕಡೆ ಬೋಕೊ ಹರಾಮ್ ಉಗ್ರರ ಗಲಾಟೆ. 2014ರ ಅಕ್ಟೋಬರ್‌ನಲ್ಲಿ ಕ್ವಾರ್ಹಿಯಲ್ಲಿದ್ದ ಅವರ ಚರ್ಚಿನ ಕೇಂದ್ರವೇ ದಾಳಿಕೋರರ ಕೈಗೆ ಹೋಯಿತು. 2020ರ ಫೆಬ್ರವರಿ 21ರಂದು ಗಾರ್ಕಿಡಾದ ಮೇಲೆ ದಾಳಿ ಆಯಿತು, ಚರ್ಚುಗಳನ್ನು ಸುಟ್ಟರು. ಅಕ್ಕನ ದೊಡ್ಡಮ್ಮನ ಮನೆಯವರು ಯೋಲಾಕ್ಕೆ ಓಡಿದರು, ಕೆಲವರು ಜೋಸ್‌ಗೆ. ಆ ಗಲಾಟೆಯ ವರ್ಷಗಳಲ್ಲಿ ಹಳ್ಳಿಗಳಲ್ಲಿ ರಾತ್ರಿ ಡೋಲು ಬಾರಿಸುವುದು ನಿಂತೇ ಹೋಯಿತಂತೆ. ಸದ್ದು ದೂರ ಹೋಗುತ್ತದೆ, ಜನ ಸೇರಿದ್ದಾರೆ ಅಂತ ಗೊತ್ತಾಗುತ್ತದೆ. ಮದುವೆಯನ್ನು ಹಗಲಲ್ಲೇ, ಬೇಗ ಬೇಗ ಮುಗಿಸುತ್ತಿದ್ದರು.

ನಿರಾಶ್ರಿತರ ಶಿಬಿರದಲ್ಲಿ ಮಾತ್ರ ಇನ್ನೊಂದು ನಡೆಯಿತು. ಅಲ್ಲಿ ಗಿರಣಿ ಇಲ್ಲ, ದುಡ್ಡೂ ಇಲ್ಲ. ಒರಳು ಮತ್ತೆ ಬಂತು. ದೊಡ್ಡಮ್ಮ ಹಳೆಯ ಹಾಡು ಎತ್ತಿದರು. ಪಕ್ಕದಲ್ಲಿದ್ದವರು ಬೇರೆ ಭಾಷೆಯವರು, ಸೊಲ್ಲು ಕೊಡಲು ಬರಲಿಲ್ಲ. ಹಾಗಾಗಿ ಮಾತು ಹೌಸಾಕ್ಕೆ ತಿರುಗಿತು, ರಾಗ ಹಳೆಯದೇ ಉಳಿಯಿತು. ಈಗ ಬೈಯುವುದು ಅತ್ತೆಯನ್ನಲ್ಲ, ಅಕ್ಕಿ ಅಳೆದು ಕೊಡುವವನನ್ನು. ಅವನ ಸೇರು ಚಿಕ್ಕದು ಅಂತ ಹಾಡು!

ತುಂಬೆಗಿಡ

ಸೇರಿನ ಹಾಡಿಗೆ ನನ್ನದೊಂದು ನಮಸ್ಕಾರ.

ನಾಡಹಾಡು_ಪ್ರೇಮಿ

ಇದನ್ನು ಬುರಾ ಹಾಡು ಅನ್ನಬಹುದಾ? ಭಾಷೆ ಹೋಯಿತಲ್ಲ.

ಶಂಖಪುಷ್ಪ

ರಾಗ ಬುರಾ, ಕುಟ್ಟುವ ಲಯ ಬುರಾ, ಹೆಸರು ಹೇಳದೆ ಚುಚ್ಚುವ ಜಾಣತನ ಬುರಾ. ನಾನಂತೂ ಅನ್ನುತ್ತೇನೆ. ವೇದಿಕೆ ಮೇಲೆ ಒಂದೇ ಬಣ್ಣದ ಬಟ್ಟೆ ತೊಟ್ಟು ಕುಣಿಯುವ ಬನ್ಸುವೆ ಕುಣಿತದ ಬಗ್ಗೆ ನನಗೆ ತಕರಾರಿಲ್ಲ, ಚೆನ್ನಾಗಿಯೇ ಇರುತ್ತದೆ. ಸರ್ಕಾರಿ ಹಬ್ಬಗಳಲ್ಲಿ ಬುರಾ ಅಂದರೆ ಅದೇ ಅನ್ನುವ ಹಾಗಾಗಿದೆ. ಆದರೆ ಅಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಮಂತ್ರಿಗಳು ಚಪ್ಪಾಳೆ ತಟ್ಟುತ್ತಾರೆ. ಅಕ್ಕಿ ಸೇರಿನ ಹಾಡಿಗೆ ಯಾವ ಮಂತ್ರಿ ಚಪ್ಪಾಳೆ ತಟ್ಟುತ್ತಾನೆ?

ನಾಡಹಾಡು_ಪ್ರೇಮಿ

ನಾನು ಒಪ್ಪುವುದಿಲ್ಲ. ನಾಳೆ ರಾಗವೂ ಹೋದರೆ ಜಾಣತನ ಉಳಿದಿದೆ ಅಂತೀರಿ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು. ಭಾಷೆ ಹೋದರೆ ಹಾಡು ಹೋದ ಹಾಗೆ.

ಗಾನಲೋಲ

ರಾಗದ ವಿಷಯಕ್ಕೆ ಒಂದು ಮಾತು. ಬುರಾ ಮಾತಿನ ಏರಿಳಿತಕ್ಕೆ ಹುಟ್ಟಿದ ರಾಗಕ್ಕೆ ಹೌಸಾ ಕೂರಿಸಿದ್ದಾರೆ ಅಂದರೆ ಅಲ್ಲೂ ಏನೋ ಬದಲಾಗಿರಲೇಬೇಕು. ಹೌಸಾವೂ ಸ್ವರದ ಭಾಷೆಯೇ. ಕೇಳದೆ ಹೇಳಲು ಆಗುವುದಿಲ್ಲ. ನರ್ಸಮ್ಮ, ರೆಕಾರ್ಡಿಂಗ್ ಸಿಗಬಹುದಾ?

ನರ್ಸಮ್ಮ_ಕುಂದಾಪುರ

ಅಕ್ಕನಿಗೂ ಅದೇ ಆಸೆ. ದೊಡ್ಡಮ್ಮನಿಂದ ವಾಟ್ಸಾಪಿನಲ್ಲಿ ಹಾಡಿಸಿ ಕಳಿಸಿ ಅಂತ ತಂಗಿಗೆ ಹೇಳಿದ್ದಾರೆ. ಒಂದು ಬಂತು, ಆದರೆ ದೊಡ್ಡಮ್ಮ ಫೋನ್ ನೋಡುತ್ತಾ ಚರ್ಚಿನ ಹಾಡು ಹಾಡಿಬಿಟ್ಟಿದ್ದಾರೆ. ಬೈಯುವ ಹಾಡು ಕೇಳಿದರೆ ‘ಸುಮ್ನೆ ಯಾರನ್ನು ಬೈಯಲಿ?’ ಅನ್ನುತ್ತಾರಂತೆ. ಹೇಗೆ ಮಾಡಿಸುವುದು ಹೇಳಿ.

ಶಂಖಪುಷ್ಪ

ಫೋನ್ ಮುಂದೆ ಕೂರಿಸಿ ಹಾಡಿ ಅಂದರೆ ಯಾರಿಗೂ ಬರುವುದಿಲ್ಲ, ನಮ್ಮ ಕಡೆಯೂ ಇದೇ ಪಾಡು. ತಂಗಿಗೆ ಹೇಳಿ, ಜೋಳ ತಂದು ಒರಳಿಗೆ ಹಾಕಲಿ. ಪಕ್ಕದ ಮನೆಯ ಇನ್ನೊಬ್ಬ ಹೆಂಗಸನ್ನು ಕರೆಯಲಿ, ಒನಕೆ ಹಾಕಲಿಕ್ಕೂ ಸೊಲ್ಲು ಕೊಡಲಿಕ್ಕೂ. ಫೋನನ್ನು ಗೋಡೆಗೆ ಒರಗಿಸಿ ಇಟ್ಟು ಮರೆತುಬಿಡಲಿ. ಕುಟ್ಟುವ ಸದ್ದು ಜೋರಾಗಿ ಬಂತು ಅಂತ ಅಳಿಸಬೇಡಿ, ಅದೂ ಹಾಡೇ. ಮುಗಿದ ಮೇಲೆ ಯಾರ ಬಗ್ಗೆ, ಯಾವಾಗ, ಯಾಕೆ ಹಾಡಿದ್ದು ಅಂತ ಕೇಳಿ ಅದನ್ನೂ ರೆಕಾರ್ಡ್ ಮಾಡಿ. ಆಮೇಲೆ ಎಲ್ಲಾದರೂ ಹಾಕುವ ಮೊದಲು ದೊಡ್ಡಮ್ಮನ ಒಪ್ಪಿಗೆ ಕೇಳಿ. ಬೈಸಿಕೊಂಡವರು ಇನ್ನೂ ಬದುಕಿರಬಹುದು.

ಬಿಯು_ಮೇಷ್ಟ್ರು

ಬಿಯು ಹತ್ತಿರ ವಾಕಾದಲ್ಲಿ ಶಿಕ್ಷಕರ ಕಾಲೇಜು ಇದೆ. ಮೈದುಗುರಿಯಲ್ಲಿ 1975ರಿಂದ ವಿಶ್ವವಿದ್ಯಾಲಯ ಇದೆ. ಅಲ್ಲಿ ಬುರಾ ಮಾತಾಡುವ ಮೇಷ್ಟ್ರುಗಳು, ಹುಡುಗರು ಇದ್ದೇ ಇರುತ್ತಾರೆ. ಅರ್ಥ ಬರೆಯುವುದನ್ನು ಅವರ ಕೈಗೆ ಕೊಡಿ. ನಾವು ಇಲ್ಲಿ ಕೂತು ಊಹೆ ಮಾಡುವುದಕ್ಕಿಂತ ಅದು ಮೇಲು.

ಸಾಧ್ಯವಾದರೆ ಆ ದೊಡ್ಡಮ್ಮನನ್ನು ಒಂದು ಕೇಳಿ: ಬಿಯು ಪೇಟೆಯ ಗಿರಣಿಯವನ ಮೇಲೂ ಒಂದು ಹಾಡು ಇತ್ತು, ಹಿಟ್ಟು ಕದಿಯುತ್ತಾನೆ ಅಂತ. ಎರಡು ಸಾಲು ಮಾತ್ರ ನನ್ನ ಕಿವಿಯಲ್ಲಿ ಉಳಿದಿದೆ, ಅದೂ ಅರ್ಥ ಇಲ್ಲದೆ.

ಮಾರಾಯ_ಮಂಗಳೂರು

ಗಿರಣಿ ಹಾಡನ್ನು ನಿಲ್ಲಿಸಿತು ಅಂದಿರಿ, ಈಗ ನೋಡಿದರೆ ಗಿರಣಿಯವನ ಮೇಲೇ ಹಾಡು! ಮೇಷ್ಟ್ರೇ, ನಿಮ್ಮ ಲೆಕ್ಕ ತಾಳೆ ಆಗುತ್ತಿಲ್ಲ.

ಬಿಯು_ಮೇಷ್ಟ್ರು

ಗಿರಣಿಗೆ ಹೋಗುವ ದಾರಿಯಲ್ಲಿ ಹಾಡುತ್ತಿದ್ದರು ಕಣಪ್ಪಾ. ತಲೆ ಮೇಲೆ ಬುಟ್ಟಿ ಇಟ್ಟುಕೊಂಡು.

ನರ್ಸಮ್ಮ_ಕುಂದಾಪುರ

ಕೇಳುತ್ತೇನೆ ಸರ್. ತಂಗಿ ಶನಿವಾರ ಜೋಳ ತರುತ್ತಾಳಂತೆ. ಆ ಎರಡು ಸಾಲನ್ನು ನಿಮಗೆ ಕೇಳಿಸಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದು ಕಳಿಸಿ, ತಪ್ಪಿದ್ದರೂ ಪರವಾಗಿಲ್ಲ.